ನಲವತ್ತರ ಮೇಲೆ ತೈಯಾ ತೈ

ತಿಪಟೂರಾಗಲಿ ತುರುವೇಕೆರೆಯಾಗಲಿ, ಸಂಜೆ ಹೊತ್ತು ಭರತನಾಟ್ಯ ಹೇಳಿಕೊಡುವ ಮನೆಯ ಮುಂದೆ ಒಮ್ಮೆ ನಿಂತು ನೋಡಿ. ಒಳಗೆ ಮಕ್ಕಳು ತಟ್ಟಡವು ಹಾಕುತ್ತಿರುತ್ತಾರೆ. ಹೊರಗೆ ಜಗಲಿಯ ಮೇಲೆ ಅಮ್ಮಂದಿರು, ಅಜ್ಜಿಯರು ನೀರಿನ ಬಾಟಲಿ ಹಿಡಿದು ಕಾಯುತ್ತಿರುತ್ತಾರೆ. ಅವರಲ್ಲೊಬ್ಬರಾದರೂ ಕೂತಲ್ಲೇ ಕಾಲ ಹೆಬ್ಬೆರಳಲ್ಲಿ ತಾಳ ಹಾಕುತ್ತಿರುತ್ತಾರೆ. ‘ನೀವೂ ಸೇರಿಕೊಳ್ಳಿ’ ಎಂದರೆ ನಕ್ಕುಬಿಡುತ್ತಾರೆ: ‘ಈ ವಯಸ್ಸಿಗೇನು ಕುಣಿತ, ನೋಡಿದವರು ಏನಂದಾರು!’

ನಮ್ಮ ತೆಂಗಿನ ಸೀಮೆಯ ತಾತಂದಿರನ್ನು ಕೇಳಿದರೆ ಬೇರೆಯೇ ಕಥೆ ಹೇಳುತ್ತಾರೆ. ಇದು ಮೂಡಲಪಾಯ ಯಕ್ಷಗಾನದ ನಾಡು. ಆ ಆಟದಲ್ಲಿ ವೇಷ ಕಟ್ಟುತ್ತಿದ್ದವರು ಹೊಲ ತೋಟದಲ್ಲಿ ದುಡಿಯುವ ದೊಡ್ಡವರೇ. ಊರಿನವರು ಒಂದು ಪ್ರಸಂಗ ಆಡಬೇಕೆಂದುಕೊಂಡರೆ ಭಾಗವತರನ್ನು ಕರೆಸುತ್ತಿದ್ದರು. ರಾತ್ರಿ ಊಟವಾದ ಮೇಲೆ ತಾಲೀಮು. ಹಗಲೆಲ್ಲ ಗುದ್ದಲಿ ಹಿಡಿದ ಮನುಷ್ಯ ರಾತ್ರಿ ಹೆಜ್ಜೆ ಕಲಿಯುತ್ತಿದ್ದ, ಪದ ಕಲಿಯುತ್ತಿದ್ದ, ತಪ್ಪಿದರೆ ಎಲ್ಲರೆದುರು ಬೈಸಿಕೊಳ್ಳುತ್ತಿದ್ದ. ಭಾಗವತರು ಆಳನ್ನು ನೋಡಿ ಪಾತ್ರ ಕೊಡುತ್ತಿದ್ದರು: ಗಟ್ಟಿ ದನಿಯ ಗಟ್ಟಿ ಮೈಯವನಿಗೆ ರಾಕ್ಷಸ, ಮೆದು ಹೆಜ್ಜೆಯವನಿಗೆ ಸ್ತ್ರೀವೇಷ. ಆಮೇಲೆ ಒಂದು ರಾತ್ರಿ ಕಿರೀಟ, ಭುಜಕೀರ್ತಿ ಹೊತ್ತು, ಮದ್ದಳೆ ಮುಖವೀಣೆಗೆ ಬೆಳಗಿನವರೆಗೆ ಕುಣಿತ. ದೊಡ್ಡವರಿಗೆ ಮೊದಲಿನಿಂದ ಕಲಿಸುವ ನೃತ್ಯ ಶಾಲೆ ಎಂದರೆ ಇದಲ್ಲದೆ ಮತ್ತೇನು? ಬೋರ್ಡು ಮಾತ್ರ ಇರಲಿಲ್ಲ.

ಆದರೆ ಆ ಶಾಲೆ ಗಂಡಸರದು. ಹೆಂಗಸರು ಚಾಪೆ ಹಾಸಿಕೊಂಡು, ನಿದ್ದೆಗೆ ಜಾರಿದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನೋಡುತ್ತಿದ್ದರು. ಇವತ್ತು ಜಗಲಿಯಲ್ಲಿ ಕಾಯುವ ಅಜ್ಜಿ ಅಂಥ ಚಾಪೆಯಿಂದಲೇ ಎದ್ದು ಬಂದವರಿರಬಹುದು. ಆಕೆಗೆ ಒಳಗೆ ಹೋಗುವ ಆಸೆಯಿದ್ದರೆ ಅದನ್ನು ನಗೆಯಲ್ಲಿ ತೇಲಿಸಬಾರದು ಎಂಬುದು ನನ್ನ ಮಾತು.

ತಡವಾಗಿ ಶುರು ಮಾಡಿದ ದೊಡ್ಡ ಹೆಸರುಗಳೂ ಇವೆ. ಕಲಾಕ್ಷೇತ್ರ ಕಟ್ಟಿದ ರುಕ್ಮಿಣೀದೇವಿ ಹುಟ್ಟಿದ್ದು 1904ರಲ್ಲಿ, ಭರತನಾಟ್ಯಕ್ಕೆ ವೇದಿಕೆ ಏರಿದ್ದು 1935ರಲ್ಲಿ. ಅವರಿಗೆ ಕಲಿಸಿದ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರ ಬಳಿಗೇ ನಮ್ಮ ಬೆಂಗಳೂರಿನ ರಸಾಯನಶಾಸ್ತ್ರದ ಮೇಷ್ಟರೊಬ್ಬರು ಮದುವೆಯಾದ ಮೇಲೆ ಹೆಂಡತಿಯೊಂದಿಗೆ ಹೋಗಿ ಕಲಿತರು. ಅವರೇ ಯು.ಎಸ್. ಕೃಷ್ಣರಾವ್ ಮತ್ತು ಚಂದ್ರಭಾಗಾದೇವಿ. ಇವರೆಲ್ಲ ಅಸಾಧಾರಣರು, ನಿಜ. ನಮಗೆ ಬೇಕಾದದ್ದು ವಾರಕ್ಕೆರಡು ದಿನದ ಸಂತೋಷ. ಅದಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ, ಸರಿಯಾದ ಬಾಗಿಲು ತಟ್ಟಿದರೆ ಸಾಕು.

ಸರಿಯಾದ ಬಾಗಿಲು ಯಾವುದು? ಹಣ ಕಟ್ಟುವ ಮೊದಲು ಒಂದು ದಿನ ಸುಮ್ಮನೆ ಕೂತು ನೋಡುತ್ತೇನೆ ಎನ್ನಿ. ಬೇಡ ಎನ್ನುವ ಕಡೆ ನಾನಂತೂ ಸೇರುವುದಿಲ್ಲ. ಕೂತಾಗ ಗುರುವಿನ ಕಣ್ಣು ಎಲ್ಲಿದೆ ನೋಡಿ. ಭರತನಾಟ್ಯದ ಅಡಿಪಾಯ ಅರೆಮಂಡಿ; ಮಂಡಿ ಬಾಗಿಸಿ, ಪಾದಗಳನ್ನು ಹೊರಗೆ ತಿರುಗಿಸಿ ನಿಲ್ಲುವುದು. ಪಾದ ಎತ್ತ ಮುಖ ಮಾಡಿದೆಯೋ ಮಂಡಿಯೂ ಅತ್ತಲೇ ಹೋಗಬೇಕು. ಪಾದ ಹೊರಗೆ, ಮಂಡಿ ಒಳಗೆ ಎಂದಾದರೆ ಹತ್ತು ವರ್ಷದ ಮಗು ತಡೆದೀತು, ಐವತ್ತರ ಮಂಡಿ ತಡೆಯದು. ಇದನ್ನು ಗಮನಿಸಿ ತಿದ್ದುವ, ‘ನಿಮಗೆ ಅಷ್ಟು ಕೂರುವುದು ಬೇಡ, ಇಷ್ಟು ಸಾಕು’ ಎನ್ನುವ ಗುರು ಸಿಕ್ಕರೆ ಬಿಡಬೇಡಿ. ಆಳು ನೋಡಿ ಪಾತ್ರ ಕೊಟ್ಟ ಭಾಗವತರ ಜಾಣತನವೂ ಅದೇ.

ನೆಲವನ್ನೂ ನೋಡಿ. ಗ್ರಾನೈಟ್ ಅಥವಾ ಸಿಮೆಂಟಿನ ಮೇಲೆ ಗಂಟೆಗಟ್ಟಲೆ ಪಾದ ಬಡಿಯುವುದು ಹಿಮ್ಮಡಿಗೂ ಬೆನ್ನಿಗೂ ಕಷ್ಟ. ಮರದ ನೆಲ ಎಲ್ಲ ಕಡೆ ಸಿಗದು. ಮೆಲ್ಲಗೆ ತಟ್ಟಿ ಕಲಿಯಲು ಬಿಡುತ್ತಾರೆಯೇ ಎಂದಾದರೂ ಕೇಳಿ. ರಕ್ತದೊತ್ತಡ, ಮಂಡಿನೋವು ಇರುವವರು ಮೊದಲು ವೈದ್ಯರನ್ನು ಕೇಳುವುದು ಇದ್ದೇ ಇದೆ.

ದೊಡ್ಡವರಿಗೆ ಬೇರೆ ಸಮಯ ಇದೆಯೇ? ಇಲ್ಲವಾದರೆ ನಾಲ್ಕೈದು ಜನ ಸೇರಿ ಕೇಳಿ, ಒಬ್ಬರಿಗೆ ಇಲ್ಲ ಎಂದ ಗುರು ಐವರಿಗೆ ಹೂಂ ಎಂದಾರು. ಚಿಕ್ಕನಾಯಕನಹಳ್ಳಿಯ ಹಳ್ಳಿಗಳಿಂದ ಬರುವವರು ಕೊನೆಯ ಬಸ್ಸಿನ ಹೊತ್ತನ್ನು ಮೊದಲೇ ಹೇಳಿಬಿಡಬೇಕು. ಜೂನಿಯರ್ ಪರೀಕ್ಷೆಯ ಮಾತು ಮೊದಲ ದಿನವೇ ಬಂದರೆ, ‘ಅದು ಆಮೇಲೆ’ ಎನ್ನಿ.

ಭರತನಾಟ್ಯ ಕಷ್ಟ ಎನಿಸಿದರೆ ಕೋಲಾಟ ಇದೆ. ನನಗೆ ಕೇಳಿದರೆ ಅರವತ್ತು ದಾಟಿದವರಿಗೆ ಅದೇ ಮೊದಲ ಆಯ್ಕೆ. ಎರಡು ಕೋಲು, ಜೊತೆಗಾರರು, ಒಂದು ಅಂಗಳ. ಅರೆಮಂಡಿ ಬೇಡ, ನಡೆಯಲು ಬಂದರೆ ಕಲಿಯಲು ಬರುತ್ತದೆ; ಕೋಲಿನ ಸದ್ದೇ ತಪ್ಪು ಒಪ್ಪು ಹೇಳಿಬಿಡುತ್ತದೆ. ಸೋಮನ ಕುಣಿತ, ವೀರಗಾಸೆಗಳ ಮಾತು ಬೇರೆ. ಅವು ದೇವರ ಸೇವೆಯೊಂದಿಗೆ ಬೆಸೆದವು, ಹಾಗಾಗಿ ತರಗತಿಯ ಪಟ್ಟಿಯಲ್ಲಿ ಹುಡುಕುವಂಥವಲ್ಲ.

ಸೇರಿದ ಮೇಲೆ ಒಂದು ಭಾನುವಾರ ಮಕ್ಕಳು ಅಜ್ಜಿಯನ್ನು ಕರೆದುಕೊಂಡು ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋಗಿಬನ್ನಿ. ಅಲ್ಲಿನ ಕಲ್ಲೇಶ್ವರ ದೇವಾಲಯ ಒಂಬತ್ತನೆಯ ಶತಮಾನದ್ದು, ನೊಳಂಬರ ಕಾಲದ್ದು. ಒಳಗೆ ತಲೆಯೆತ್ತಿದರೆ ಚಾವಣಿಯ ನಡುವೆ ಶಿವ ಕುಣಿಯುತ್ತಿದ್ದಾನೆ, ಸುತ್ತ ಅಷ್ಟದಿಕ್ಪಾಲಕರು. ಅವನ ಮಂಡಿ ಹೇಗೆ ಬಾಗಿದೆ ಎಂದು ಅಜ್ಜಿಯೇ ನಿಮಗೆ ತೋರಿಸಿಯಾರು.

ಮನೆಯಲ್ಲೂ ಮೊಮ್ಮಕ್ಕಳಿಗೆ ಕೆಲಸವಿದೆ. ಒಂದು ಮಣೆ, ಒಂದು ಕೋಲು ತೆಗೆದುಕೊಂಡು ‘ತೈಯಾ ತೈ’ ಎಂದು ತಟ್ಟುತ್ತಾ ಕೂರಿ. ಎಡಗಾಲಿನ ಜಾಗದಲ್ಲಿ ಬಲಗಾಲು ಬಂದರೆ ಕಿಸಕ್ಕನೆ ನಗಬೇಡಿ, ಇನ್ನೊಮ್ಮೆ ತಟ್ಟಿ. ಮೊದಲ ಕಾಲದಲ್ಲೇ ತಟ್ಟಿ, ನಿಧಾನವಾಗಿ; ಎರಡು, ಮೂರನೆಯ ಕಾಲಕ್ಕೆ ಮಳೆಗಾಲ ಕಳೆದ ಮೇಲೆ ಹೋದರಾಯಿತು.