ಬೆಳಗ್ಗೆ 9ರ ಕೆಲಸ ಸಂಜೆ 6.30ಕ್ಕೆ! ಎಐ ಏಜೆಂಟ್‌ಗಳಿಗೂ ಬೇಕು ಸರಿಯಾದ ಕೈಪಿಡಿ

ಕಚೇರಿಯ ದಿನನಿತ್ಯದ ಕೆಲಸಗಳನ್ನು ತಾವಾಗಿಯೇ ಮುಗಿಸುವ ಆಟೋಮೇಷನ್ ಟೂಲ್‌ಗಳು ಹೊಸದೇನಲ್ಲ. ಆದರೆ ಅವುಗಳನ್ನು ಬಳಸುವವರು ಈಗ ಬದಲಾಗುತ್ತಿದ್ದಾರೆ. ಸಿಬ್ಬಂದಿ ಕುಳಿತು ಜೋಡಿಸುತ್ತಿದ್ದ ಕೆಲಸದ ಸರಪಳಿಯನ್ನು ಈಗ ಎಐ ಏಜೆಂಟ್‌ಗಳೇ ಜೋಡಿಸತೊಡಗಿವೆ. ಹಾಗಾದರೆ ಈ ಟೂಲ್‌ಗಳ ಕೈಪಿಡಿಯನ್ನು, ಅಂದರೆ ಡಾಕ್ಯುಮೆಂಟೇಷನ್ ಅನ್ನು, ಯಾರಿಗಾಗಿ ಬರೆಯಬೇಕು? ಈ ಪ್ರಶ್ನೆ ಏಕೆ ಮುಖ್ಯ ಎಂಬ ವಿವರ ಇಲ್ಲಿದೆ.

ವರ್ಕ್‌ಫ್ಲೋ ಆಟೋಮೇಷನ್ ಎಂದರೇನು?

ಗ್ರಾಹಕರು ಆನ್‌ಲೈನ್ ಫಾರ್ಮ್ ತುಂಬಿದ ಕೂಡಲೇ ವಿವರ ಶೀಟ್‌ಗೆ ಸೇರಬೇಕು, ಅವರಿಗೊಂದು ಇಮೇಲ್ ಹೋಗಬೇಕು, ಮ್ಯಾನೇಜರ್‌ಗೆ ಸಂದೇಶ ಬರಬೇಕು. ಹೀಗೆ ಒಂದರ ಹಿಂದೆ ಒಂದು ನಡೆಯುವ ಕೆಲಸಗಳ ಸರಪಳಿಯೇ ವರ್ಕ್‌ಫ್ಲೋ. ಇದಕ್ಕಾಗಿ ಇರುವ ಜನಪ್ರಿಯ ಟೂಲ್‌ಗಳಲ್ಲಿ ಎನ್8ಎನ್ ಒಂದು. ಯಾನ್ ಓಬರ್‌ಹೌಸರ್ 2019ರಲ್ಲಿ ಜರ್ಮನಿಯ ಬರ್ಲಿನ್‌ನಲ್ಲಿ ಇದನ್ನು ಆರಂಭಿಸಿದರು. ಇದರಲ್ಲಿ ಪ್ರತಿ ಹಂತಕ್ಕೂ 'ನೋಡ್' ಎಂದು ಹೆಸರು. ಪರದೆಯ ಮೇಲೆ ಚೌಕಗಳನ್ನು ಗೆರೆಗಳಿಂದ ಜೋಡಿಸಿದಂತೆ ಕಂಡರೂ, ಒಳಗೆ ಇಡೀ ವರ್ಕ್‌ಫ್ಲೋ ಜೇಸನ್ ಎಂಬ ಪಠ್ಯರೂಪದಲ್ಲಿ ಉಳಿಯುತ್ತದೆ. ಪಠ್ಯ ಎಂದ ಮೇಲೆ ಎಐಗೆ ಅದನ್ನು ಬರೆಯುವುದು ಸುಲಭ. ಆದರೆ ಬರೆದದ್ದೆಲ್ಲ ಸರಿ ಇರುತ್ತದೆ ಎನ್ನುವಂತಿಲ್ಲ.

ಏಜೆಂಟ್ ಎಡವುವುದು ಎಲ್ಲಿ?

'ದಿನಾ ಬೆಳಗ್ಗೆ 9ಕ್ಕೆ ವರದಿ ಕಳಿಸು' ಎಂದು ಪುಣೆಯ ಕಚೇರಿಯೊಂದು ಏಜೆಂಟ್‌ಗೆ ಹೇಳಿತು ಎಂದುಕೊಳ್ಳಿ. ಎನ್8ಎನ್ ಅನ್ನು ಸ್ವಂತ ಸರ್ವರ್‌ನಲ್ಲಿ ಹಾಕಿಕೊಂಡು, ಟೈಮ್ ಝೋನ್ ಬದಲಿಸದೆ ಬಿಟ್ಟರೆ ಅದು ನ್ಯೂಯಾರ್ಕ್ ಸಮಯವನ್ನು ಅನುಸರಿಸುತ್ತದೆ. ಅಲ್ಲಿ ಬೆಳಗ್ಗೆ 9 ಆದಾಗ ಇಲ್ಲಿ ಬೇಸಿಗೆಯಲ್ಲಿ ಸಂಜೆ 6.30, ಚಳಿಗಾಲದಲ್ಲಿ 7.30. ವರ್ಕ್‌ಫ್ಲೋದಲ್ಲಿ ದೋಷವಿಲ್ಲ, ಎರರ್ ಸಂದೇಶವೂ ಬರುವುದಿಲ್ಲ. ವರದಿ ಮಾತ್ರ ಕಚೇರಿ ಮುಚ್ಚುವ ಹೊತ್ತಿಗೆ ಬರುತ್ತದೆ.

ಹಣದ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ರೇಜರ್‌ಪೇಯಂಥ ಪಾವತಿ ಸೇವೆಗಳಿಗೆ ಮೊತ್ತವನ್ನು ಪೈಸೆಯಲ್ಲಿ ಕೊಡಬೇಕು. 500 ರೂಪಾಯಿ ಬೇಕಿದ್ದರೆ 50000 ಎಂದು ಬರೆಯಬೇಕು. ಬರೀ 500 ಎಂದರೆ ಬರುವುದು 5 ರೂಪಾಯಿ.

ಇಂಥ ಕಡೆ ಅನುಮಾನ ಬಂದರೆ ಮನುಷ್ಯರು ಪಕ್ಕದ ಸಹೋದ್ಯೋಗಿಯನ್ನು ಕೇಳುತ್ತಾರೆ. ಏಜೆಂಟ್ ಹೆಚ್ಚಾಗಿ ಊಹೆ ಮಾಡಿ ಮುಂದೆ ಹೋಗುತ್ತದೆ. ತರಬೇತಿಯ ವೇಳೆ ಓದಿದ ಹಳೆಯ ಆವೃತ್ತಿಯ ಸೆಟ್ಟಿಂಗ್ ಅನ್ನೇ ಹೊಸ ಆವೃತ್ತಿಗೂ ಹಾಕಿಬಿಡಬಹುದು.

ಏಜೆಂಟ್‌ಗಾಗಿ ಬರೆಯುವಾಗ ಏನಿರಬೇಕು?

* ಪ್ರತಿ ಅಂಕಿಯ ಅಳತೆ: ರೂಪಾಯಿಯೋ ಪೈಸೆಯೋ, ಸೆಕೆಂಡೋ ನಿಮಿಷವೋ ಎಂಬುದು ಆ ಜಾಗದಲ್ಲೇ ಇರಬೇಕು.
* ಏನೂ ಹೇಳದಿದ್ದರೆ ಏನಾಗುತ್ತದೆ: ಟೈಮ್ ಝೋನ್‌ನಂಥ ಡಿಫಾಲ್ಟ್‌ಗಳನ್ನು ಬಿಡಿಸಿ ಹೇಳಬೇಕು.
* ಯಾವ ಆವೃತ್ತಿ: ವಿವರ ಯಾವ ಆವೃತ್ತಿಗೆ ಅನ್ವಯಿಸುತ್ತದೆ ಎಂಬುದನ್ನು ನಮೂದಿಸಬೇಕು.
* ಎರಡನೇ ಸಲ ಓಡಿಸಿದರೆ ಏನು: ಶೀಟ್ ಓದುವುದನ್ನು ಎಷ್ಟು ಸಲ ಮಾಡಿದರೂ ನಷ್ಟವಿಲ್ಲ. ಇಮೇಲ್ ಅಥವಾ ಪಾವತಿ ಹಾಗಲ್ಲ, ಎರಡೆರಡು ಬಾರಿ ಹೋಗಿಬಿಡುತ್ತದೆ.
* ಎರರ್ ಬಂದರೆ ಮುಂದೇನು: ಮತ್ತೆ ಪ್ರಯತ್ನಿಸಬೇಕೇ, ನಿಲ್ಲಿಸಿ ಮನುಷ್ಯರನ್ನು ಕೇಳಬೇಕೇ ಎಂಬುದು ಸ್ಪಷ್ಟವಾಗಿರಬೇಕು.
* ಪೂರ್ತಿ ಉದಾಹರಣೆ: ಸ್ಕ್ರೀನ್‌ಶಾಟ್‌ಗಿಂತ, ಹಾಗೆಯೇ ನಕಲಿಸಿ ಓಡಿಸಬಹುದಾದ ಒಂದು ವರ್ಕ್‌ಫ್ಲೋ ಏಜೆಂಟ್‌ಗೆ ಹೆಚ್ಚು ಉಪಯುಕ್ತ.

ಏಜೆಂಟ್ ಇದನ್ನು ಓದುವುದು ಹೇಗೆ?

ಇದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಎಲ್‌ಎಲ್‌ಎಂಎಸ್ ಟೆಕ್ಸ್ಟ್ ಎಂಬ ಫೈಲ್ ಮೊದಲನೆಯದು. ಜೆರೆಮಿ ಹೊವಾರ್ಡ್ 2024ರ ಸೆಪ್ಟೆಂಬರ್‌ನಲ್ಲಿ ಮುಂದಿಟ್ಟ ಈ ಪ್ರಸ್ತಾವದ ಪ್ರಕಾರ, ವೆಬ್‌ಸೈಟ್‌ನ ಮುಖ್ಯ ಪುಟಗಳ ಪಟ್ಟಿಯನ್ನು ಎಐ ಓದಲು ಸುಲಭವಾಗುವ ಸರಳ ಪಠ್ಯದಲ್ಲಿ ಇಡಲಾಗುತ್ತದೆ. ಎರಡನೆಯದು, ಆಂಥ್ರೋಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಅಂದರೆ ಎಂಸಿಪಿ. ಇದರಲ್ಲಿ ಪ್ರತಿ ಟೂಲ್‌ಗೂ ಹೆಸರು, ವಿವರಣೆ ಮತ್ತು ಯಾವ ಮಾಹಿತಿ ಕೊಡಬೇಕೆಂಬ ನಮೂನೆ ಇರುತ್ತದೆ. ಏಜೆಂಟ್ ಆ ವಿವರಣೆ ಓದಿಯೇ ಯಾವ ಟೂಲ್ ಬಳಸಬೇಕೆಂದು ನಿರ್ಧರಿಸುತ್ತದೆ. 'ಡೇಟಾ ಅಪ್‌ಡೇಟ್ ಮಾಡುತ್ತದೆ' ಎಂದಷ್ಟೇ ಬರೆದರೆ ಸಾಲದು. 'ಹಳೆಯ ಸಾಲನ್ನು ಅಳಿಸಿ ಹೊಸದನ್ನು ಬರೆಯುತ್ತದೆ, ಹಳೆಯದು ಮರಳಿ ಸಿಗುವುದಿಲ್ಲ' ಎಂದು ಬರೆದರೆ ಏಜೆಂಟ್‌ನ ಆಯ್ಕೆಯೇ ಬದಲಾಗಬಹುದು.

ಕೈಪಿಡಿ ಇದ್ದರೆ ಸಾಕೇ?

ಸಾಲದು. 'ಇದನ್ನು ಅಳಿಸಬೇಡ' ಎಂದು ಬರೆಯುವುದು ಸೂಚನೆಯೇ ಹೊರತು ಬೀಗವಲ್ಲ. ಹೊರಗಿನಿಂದ ಬಂದ ಇಮೇಲ್‌ನಲ್ಲಿ ಯಾರಾದರೂ ಅಡಗಿಸಿಟ್ಟ ಆದೇಶವನ್ನೂ ಏಜೆಂಟ್ ಪಾಲಿಸುವ ಅಪಾಯವಿದೆ. ಆದ್ದರಿಂದ ಏಜೆಂಟ್‌ಗೆ ಕೊಡುವ ಲಾಗಿನ್‌ಗೆ ಅಗತ್ಯವಿರುವಷ್ಟೇ ಅನುಮತಿ ಇರಲಿ. ಹಣ ಕಳಿಸುವ, ಡೇಟಾ ಅಳಿಸುವ ಹಂತದಲ್ಲಿ ಮನುಷ್ಯರ ಒಪ್ಪಿಗೆ ಕಡ್ಡಾಯವಾಗಿರಲಿ.

ನಿಮ್ಮ ಕಚೇರಿಯಲ್ಲೂ ಇಂಥ ಟೂಲ್ ಇದ್ದರೆ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಕೈಪಿಡಿಯನ್ನು ಮಾತ್ರ ಏಜೆಂಟ್‌ಗೆ ಕೊಟ್ಟು, ನಕಲಿ ಡೇಟಾ ಮೇಲೆ ಒಂದು ವರ್ಕ್‌ಫ್ಲೋ ಮಾಡಿಸಿ ನೋಡಿ. ಅದು ತಪ್ಪಿದ ಜಾಗದಲ್ಲಿ ಕೈಪಿಡಿಯಲ್ಲಿ ಏನು ಬಿಟ್ಟುಹೋಗಿದೆ ಎಂದು ಮೊದಲು ಹುಡುಕಿ. ಅದನ್ನು ತುಂಬಿದರೆ ಏಜೆಂಟ್‌ಗಷ್ಟೇ ಅಲ್ಲ, ನಾಳೆ ಹೊಸದಾಗಿ ಕೆಲಸಕ್ಕೆ ಸೇರುವವರಿಗೂ ಅನುಕೂಲ.