ಈಜು ಬಾರದವರಿಗೂ ಸ್ಕೂಬಾ?

ಪ್ರಶ್ನೆ: ಅಂಡಮಾನಿಗೆ ಹೊರಟಿದ್ದೇವೆ. ನನಗೆ ಈಜು ಬಾರದು. ಸ್ಕೂಬಾ ಡೈವಿಂಗ್ ಮಾಡಬಹುದೇ? ನೀರಿನಡಿ ಏನು ಅನುಭವವಾಗುತ್ತದೆ?

ಉತ್ತರ: ಖಂಡಿತ ಮಾಡಬಹುದು. ಸ್ವರಾಜ್ ದ್ವೀಪದಲ್ಲಿ (ಹಿಂದಿನ ಹ್ಯಾವ್‌ಲಾಕ್) ಹೊಸಬರನ್ನು ತರಬೇತುದಾರರು ಜೊತೆಯಲ್ಲೇ ಇದ್ದು, 12 ಮೀಟರ್ ಮೀರದ ಆಳಕ್ಕೆ ಇಳಿಸುತ್ತಾರೆ. ಮೊದಲು ಸೊಂಟದುದ್ದದ ನೀರಿನಲ್ಲಿ ಬಾಯಿಯಿಂದ ಉಸಿರಾಡುವ ಅಭ್ಯಾಸ, ಕೈಸನ್ನೆಗಳ ಪಾಠ. ಬೆನ್ನಿನ ಸಿಲಿಂಡರಿನಲ್ಲಿರುವುದು ಬರೀ ಆಮ್ಲಜನಕವಲ್ಲ, ಒತ್ತಿ ತುಂಬಿದ ಮಾಮೂಲಿ ಗಾಳಿ.

10 ಮೀಟರ್ ಇಳಿದರೆ ಒತ್ತಡ ಇಮ್ಮಡಿಯಾಗುತ್ತದೆ. ಆದ್ದರಿಂದ ಇಳಿಯಲು ಶುರುಮಾಡಿದೊಡನೆಯೇ ಕಿವಿ ಬಿಗಿಯುತ್ತದೆ. ನೋವು ಬರುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ. ನೋವಾದರೆ ಸನ್ನೆ ಮಾಡಿ, ಸ್ವಲ್ಪ ಮೇಲೇರಿ. ಉಸಿರನ್ನು ಮಾತ್ರ ಎಂದೂ ಬಿಗಿಹಿಡಿಯಬೇಡಿ. ಮೇಲೇರುವಾಗ ಹಿಗ್ಗುವ ಗಾಳಿ ಶ್ವಾಸಕೋಶಕ್ಕೆ ಹಾನಿ ಮಾಡುತ್ತದೆ.

ಆಳಕ್ಕೆ ಹೋದಂತೆ ಮೊದಲು ಮಾಸುವುದು ಕೆಂಪು ಬಣ್ಣ. ಗಿಳಿಮೀನು, ಕಡಲಹೂವುಗಳ ನಡುವೆ ಅವಿತ ಕೋಡಂಗಿ ಮೀನು ಕಾಣಬಹುದು. ಹವಳ ಜೀವಿ, ದಯವಿಟ್ಟು ಮುಟ್ಟಬೇಡಿ.

ನೆಗಡಿ ಇದ್ದರೆ ಮುಂದೂಡಿ. ಅಸ್ತಮಾ, ಹೃದಯದ ತೊಂದರೆ ಇದ್ದರೆ ವೈದ್ಯರನ್ನು ಕೇಳಿ. ಡೈವ್ ಮುಗಿದ ಮೇಲೆ ವಿಮಾನ ಹತ್ತಲು ಕನಿಷ್ಠ 12 ಗಂಟೆ ಬಿಡಿ, 18 ಆದರೆ ಇನ್ನೂ ಕ್ಷೇಮ.