ಒಣಗಿದರೂ ಅಳಿಯದ ಜೀವ

ಇಸ್ರೇಲಿನ ಮಸಾಡಾ ಕೋಟೆಯ ಅವಶೇಷಗಳಲ್ಲಿ 1960ರ ದಶಕದಲ್ಲಿ ದೊರೆತ, ಸುಮಾರು 2000 ವರ್ಷಗಳಷ್ಟು ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮಣ್ಣಿಗಿಟ್ಟಾಗ ಮೊಳೆಯಿತು.

ನೀರೇ ಜೀವಾಧಾರವೆನ್ನುವರು. ಹಾಗಿರುವಾಗ, ಶೇಕಡಾ 5ರಿಂದ 10ರಷ್ಟು ಮಾತ್ರ ತೇವವುಳಿದ ಬೀಜವು ಸಾಯದಿರುವುದೆಂತು? ಬಲಿಯುವಾಗಲೇ ಅದು ಸುಕ್ರೋಸ್, ರ‍್ಯಾಫಿನೋಸ್ ಮೊದಲಾದ ಸಕ್ಕರೆಗಳನ್ನೂ ರಕ್ಷಕ ಪ್ರೋಟೀನುಗಳನ್ನೂ ಠೇವಣಿಯಾಗಿಟ್ಟುಕೊಳ್ಳುತ್ತದೆ. ನೀರು ಆರಿದಂತೆ ಈ ಸಕ್ಕರೆಗಳು ಹರಳುಗಟ್ಟದೆ ಗಾಜಿನಂತೆ ಗಟ್ಟಿಯಾಗಿ, ಜೀವಕೋಶದ ಪೊರೆಗಳು ಕುಸಿಯದಂತೆ ಹಿಡಿದಿಡುತ್ತವೆ. ರಾಸಾಯನಿಕ ಕ್ರಿಯೆಗಳು ಬಹುಮಟ್ಟಿಗೆ ಸ್ತಬ್ಧವಾಗುತ್ತವೆ. ಮತ್ತೆ ನೀರು ಸೋಕಿದೊಡನೆ ಆ ಗಾಜು ಕರಗಿ ಜೀವವು ಎಚ್ಚರಗೊಳ್ಳುತ್ತದೆ.

ಎಲ್ಲ ಬೀಜಗಳಿಗೂ ಈ ಭಾಗ್ಯವಿಲ್ಲ. ಮಾವು, ಹಲಸಿನ ಬೀಜಗಳು ಪೂರ್ತಿ ಒಣಗಿದರೆ ಸಾಯುತ್ತವೆ. ಆದ್ದರಿಂದ ಅವುಗಳ ತಳಿಗಳನ್ನು ತೋಟದಲ್ಲಿ ಮರಗಳಾಗಿಯೇ ಉಳಿಸಿಕೊಳ್ಳಬೇಕು. ಭತ್ತ, ರಾಗಿಗಳಾದರೋ ಚೆನ್ನಾಗಿ ಒಣಗಿಸಿ ತಂಪಿನಲ್ಲಿಟ್ಟರೆ ದೀರ್ಘಾಯುಗಳು. ಬಿತ್ತನೆಯ ಬೀಜವನ್ನು ಒಣಗಿಸಿ, ಬೂದಿ ಬೆರೆಸಿ ಮಡಕೆಯಲ್ಲಿಡುತ್ತಿದ್ದ ಹಿರಿಯರು ಕಾಪಾಡಿದ್ದು ಈ ನಿದ್ರೆಯನ್ನೇ.